ಮೂರು ಶಿರಸ್ತ್ರಾಣ, ಒಂದಕ್ಕೆ ಕಿವಿಯಿಲ್ಲ

ಪ್ರೆಸ್ಸಿನ ಫೋರ್‌ಮನ್ ಮೂರನೆಯ ಸಲ ಫೋನ್ ಮಾಡಿದಾಗ ಅವಳು ನೆಲದ ಮೇಲೆ ಮಂಡಿಯೂರಿ ಕಾರ್ಡುಗಳ ಕೊನೆಯ ಡ್ರಾಯರನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದಳು. ಡ್ರಾಯರು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಮಾತಾಡಿದಳು.

"ಮೇಡಂ, ಐದು ಗಂಟೆಗೆ ಆ ಪುಟ ಮೆಷಿನ್ ಹತ್ತುತ್ತೆ. ಆಮೇಲೆ ನೀವೇ ಬಂದು ನಿಂತ್ರೂ ಇಳಿಸೋಕಾಗಲ್ಲ."

"ಮಿಕ್ಕಿದ್ದೆಲ್ಲ ಸರಿಯಿದೆ. ಆ ನಾಲ್ಕು ಸಾಲು ಮಾತ್ರ ಇನ್ನೊಂದು ಸಲ ನೋಡ್ಬೇಕು."

"ಮೂರು ದಿನದಿಂದ ಅದನ್ನೇ ಹೇಳ್ತಿದೀರ."

ಹೇಳುತ್ತಿದ್ದದ್ದು ನಿಜ. ಮೂರು ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಚಹಾ ಮುಂದಿಟ್ಟುಕೊಂಡು ಕುಡಿಯಲು ಮರೆತು, ತಣ್ಣಗಾದದ್ದನ್ನು ಚೆಲ್ಲಿ, ಮತ್ತೆ ಹೊಸದು ತರಿಸುತ್ತಿದ್ದಳು.

ಅವಳದು ನಿಘಂಟು ಕಚೇರಿಯ ಮೂಲ ವಿಭಾಗ. ಯಾವ ಪದ ಯಾರ ಬಾಯಿಂದ ಯಾರ ಬಾಯಿಗೆ ಬಂತು ಎಂದು ಹೇಳುವುದು ಆ ವಿಭಾಗದ ಕೆಲಸ. ಅದನ್ನು ಕೇಳಿದವರು ಯಾರು ಎನ್ನುವುದು ಬೇರೆ ಮಾತು. ಈ ಸಲ ಗಂಟಲಲ್ಲಿ ಸಿಕ್ಕಿಕೊಂಡದ್ದು, ಸಾವಿರ ವರ್ಷದ ಹಿಂದೆ ಸೈನಿಕರು ತಮ್ಮ ಕಬ್ಬಿಣದ ಶಿರಸ್ತ್ರಾಣಕ್ಕೆ ಹೇಳುತ್ತಿದ್ದ ಎರಡಕ್ಷರದ ಒಂದು ಪದ. ಈಗ ಅದನ್ನು ಯಾರೂ ಆಡುವುದಿಲ್ಲ. ಆ ಕಾಲದಲ್ಲಿ ಮಾತ್ರ ಅದು ಮೂರು ಭಾಷೆಗಳಲ್ಲಿ ಓಡಾಡಿಕೊಂಡಿತ್ತು: ನಾಡಿನವರ ಭಾಷೆ, ಹುಲ್ಲುಗಾವಲಿನ ಸವಾರರ ಭಾಷೆ, ಕಡಲ ವ್ಯಾಪಾರಿಗಳ ಭಾಷೆ. ಈ ಭಾಷೆಗಳಿಗೆ ಪುಸ್ತಕದಲ್ಲಿ ಉದ್ದುದ್ದ ಹೆಸರುಗಳಿದ್ದರೂ ಕಚೇರಿಯಲ್ಲಿ ಎಲ್ಲರೂ ಹೇಳುವುದು ಮನೆಯದು, ಕುದುರೆಯದು, ಹಡಗಿನದು ಎಂದೇ.

ಮೊದಲು ಯಾರದು? ಕುದುರೆಯದು ಎಂದು ಸಾಧಿಸಿ ತೋರಿಸಿದವರು ಅವಳ ದೊಡ್ಡಪ್ಪ. ಅವಳಿಗಿಂತ ಮೊದಲು ಇದೇ ಕುರ್ಚಿಯಲ್ಲಿ ಮೂವತ್ತಾರು ವರ್ಷ ಕೂತವರು. ಅವರ ವಾದವೆಲ್ಲ ನಿಂತದ್ದು ಒಂದೇ ಒಂದು ಕಾರ್ಡಿನ ಮೇಲೆ. ಕುದುರೆಯ ಭಾಷೆಯ ಹಳೆಯ ಆಯುಧಶಾಲೆಯ ಪಟ್ಟಿ, ನಲವತ್ತೇಳನೆಯ ಹಾಳೆ, ಹಿಂಬದಿ: "ಮೂರು ಶಿರಸ್ತ್ರಾಣ, ಒಂದಕ್ಕೆ ಕಿವಿಯಿಲ್ಲ." ಆ ಪಟ್ಟಿ ಮನೆಯ ಭಾಷೆಯಲ್ಲಿ ಪದ ಕಾಣಿಸಿಕೊಳ್ಳುವುದಕ್ಕಿಂತ ನೂರು ವರ್ಷ ಹಳೆಯದು. ಅಲ್ಲಿಗೆ ಮಾತು ಮುಗಿಯಿತು. ಸವಾರರು ತಂದರು, ನಾಡಿನವರು ಕಲಿತರು, ಹಡಗಿನವರು ಕೊಂಡುಹೋದರು. ನಿಘಂಟಿನ ಹೊಸ ಮುದ್ರಣದಲ್ಲಿ ಆ ನಾಲ್ಕು ಸಾಲು ದೊಡ್ಡಪ್ಪನ ಹೆಸರಿನೊಂದಿಗೆ ಬರಬೇಕಿತ್ತು. ಎಂಬತ್ತೆರಡು ವರ್ಷದ ದೊಡ್ಡಪ್ಪ ದಿನಾ ಬೆಳಿಗ್ಗೆ ಅವಳು ಮನೆಯಿಂದ ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದು "ಪುಟ ಬಂತಾ?" ಎಂದು ಕೇಳುತ್ತಿದ್ದರು.

ಆ ಹಸ್ತಪ್ರತಿ ಇದ್ದದ್ದು ಗಡಿಯಾಚೆಯ ಮಠವೊಂದರ ಬೀಗದೊಳಗೆ. ಕಚೇರಿಯಿಂದ ಅಲ್ಲಿಗೆ ಹೋಗಿ ಬಂದವರು ಒಬ್ಬರೇ, ಕಚೇರಿ ಕಟ್ಟಿದ ಹಿರಿಯರು. ಒಂದು ಬೇಸಿಗೆಯಲ್ಲಿ ಅವರು ಅಲ್ಲಿ ಐದು ಹಸ್ತಪ್ರತಿಗಳನ್ನು ನೋಡಿ ಬರೆದುಕೊಂಡ ಕಾರ್ಡುಗಳೇ ಉಳಿದವರಿಗೆಲ್ಲ ಆಧಾರ. ಈ ವರ್ಷ ಮಠದವರ ಮನಸ್ಸು ಕರಗಿ, ಎಲ್ಲ ಹಾಳೆಗಳ ಫೋಟೋ ಕಳಿಸಿದ್ದರು. ಅವಳು ಉತ್ಸಾಹದಿಂದಲೇ ನಲವತ್ತೇಳನೆಯ ಹಾಳೆಯ ಹಿಂಬದಿ ತೆರೆದಳು. ಕುದುರೆಯ ತಡಿಗಳು, ಧಾನ್ಯದ ಚೀಲಗಳು, ಒಂದು ಕುಂಟು ಕತ್ತೆ. ಶಿರಸ್ತ್ರಾಣ ಇರಲಿಲ್ಲ.

ನಲವತ್ತಾರು ನೋಡಿದಳು, ನಲವತ್ತೆಂಟು ನೋಡಿದಳು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದಳು. ಆಮೇಲೆ ಉಳಿದ ನಾಲ್ಕು ಹಸ್ತಪ್ರತಿಗಳನ್ನು ಹಿಡಿದಳು. ಇವತ್ತು ಮಧ್ಯಾಹ್ನ, ಐದನೆಯದರಲ್ಲಿ, ಅದು ಸಿಕ್ಕಿತು. ಅಕ್ಷರ ಬಿಡದಂತೆ ಅದೇ ವಾಕ್ಯ, ಕಿವಿಯಿಲ್ಲದ ಶಿರಸ್ತ್ರಾಣದ ಸಮೇತ. ಆದರೆ ಅದು ಆಯುಧಶಾಲೆಯ ಪಟ್ಟಿಯಲ್ಲ, ಒಬ್ಬ ಗುಜರಿ ವ್ಯಾಪಾರಿಯ ಪಟ್ಟಿ. ನಾನೂರು ವರ್ಷ ಈಚಿನದು.

ಡ್ರಾಯರು ಕಡೆಗೂ ಹೊರಬಂತು. ಅವಳು ಕಾರ್ಡನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಬಲಗಡೆಯ ಕೆಳಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಪುಟ್ಟ ಅಕ್ಷರವಿತ್ತು. ಅದು ಅವಳದೇ.

ಆ ಕಚೇರಿಯಲ್ಲಿ ಒಂದು ಪದ್ಧತಿ. ಕಾರ್ಡು ಸವೆದರೆ ಹೊಸದಕ್ಕೆ ನಕಲು ಮಾಡಿ ಹಳೆಯದನ್ನು ಹರಿದುಹಾಕಬೇಕು, ನಕಲು ಮಾಡಿದವರು ಮೂಲೆಯಲ್ಲಿ ತಮ್ಮ ಅಕ್ಷರ ಹಾಕಬೇಕು. ಕಾರ್ಡುಗಳು ಮೊದಲು ಸವೆಯುವುದು ಕೆಳ ಅಂಚಿನಲ್ಲಿ, ಎಲ್ಲರ ಬೆರಳು ತಾಗುವುದು ಅಲ್ಲೇ. ವಾಕ್ಯ ಮೇಲಿರುತ್ತದೆ, ಅದು ಯಾವ ಹಸ್ತಪ್ರತಿಯ ಯಾವ ಹಾಳೆಯದು ಎನ್ನುವುದು ಕೆಳಗೆ. ಹೀಗಾಗಿ ಹಳೆಯ ಡ್ರಾಯರುಗಳ ತಳದಲ್ಲಿ ಮುರಿದುಬಿದ್ದ ಕೆಳತುಂಡುಗಳ ರಾಶಿಯೇ ಇರುತ್ತಿತ್ತು. ಯಾವ ತುಂಡು ಯಾವ ಕಾರ್ಡಿನದು ಎಂದು ಹರಿದ ಅಂಚಿಗೆ ಅಂಚು ಕೂಡಿಸಿ ನೋಡಿ ನಕಲು ಮಾಡಬೇಕು. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಒಂದು ರಜೆಯಲ್ಲಿ, ದೊಡ್ಡಪ್ಪನ ಶಿಫಾರಸಿನ ಮೇಲೆ, ಅವಳು ಈ ಕೆಲಸ ಮಾಡಿದ್ದಳು. ಒಂದು ಕಾರ್ಡಿನ ತಲೆಗೆ ಇನ್ನೊಂದರ ಕಾಲು ಅಂಟಿಸಿದ್ದಳು.

ಯಾವ ದಿನ, ಏನು ಆತುರ, ಅಂಚು ಕೂಡದಿದ್ದದ್ದು ಕಣ್ಣಿಗೆ ಯಾಕೆ ಬೀಳಲಿಲ್ಲ, ಒಂದೂ ನೆನಪಿಲ್ಲ. ಅವಳಿಗೆ ಅದೇ ಹೆಚ್ಚು ಸಿಟ್ಟು ತಂದಿತು. ಬದುಕಿನ ಅತಿ ದೊಡ್ಡ ತಪ್ಪು ಮಾಡಿದ ದಿನ ಮನೆಗೆ ಹೋಗಿ ಏನು ಉಂಡಳೋ, ಯಾರೊಂದಿಗೆ ನಗಾಡಿದಳೋ. ಕಾರ್ಡನ್ನು ಹೊರಗೆ ಒಯ್ಯಬಾರದೆಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ನಿಂತು ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಅವಳು ಮನೆಗೆ ಹೊರಟಳು. ಗಂಟೆ ಎರಡೂವರೆ.

ದೊಡ್ಡಪ್ಪ ಊಟದ ಮೇಜಿನ ಮೇಲೆ ಹಳೆಯ ರೇಡಿಯೋ ಬಿಚ್ಚಿ ಹರಡಿಕೊಂಡಿದ್ದರು. ನಿವೃತ್ತರಾದ ಮೇಲೆ ಅವರು ಮನೆಯಲ್ಲಿ ಬಿಚ್ಚದ ವಸ್ತು ಉಳಿದಿರಲಿಲ್ಲ. ಮತ್ತೆ ಜೋಡಿಸಿದ್ದು ಕಡಿಮೆ.

"ಪುಟ ತಂದ್ಯಾ?"

"ಇಲ್ಲ ದೊಡ್ಡಪ್ಪ. ಕಾರ್ಡು ತಂದೆ."

"ಕಾರ್ಡು ಹೊರಗೆ ತರಬಾರದು ಕಣೇ."

"ಗೊತ್ತು."

ಅವಳು ನಿಂತೇ ಹೇಳಿದಳು. ಕೂತರೆ ಹೇಳಲು ಧೈರ್ಯ ಸಾಲುವುದಿಲ್ಲ ಎನಿಸಿತ್ತು. ದೊಡ್ಡಪ್ಪ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ.

"ಫೋಟೋ ತೆಗೆದವನು ಒಂದು ಹಾಳೆ ಹಾರಿಸಿರ್ತಾನೆ."

"ಇಲ್ಲ, ಎಣಿಸಿದೀನಿ."

"ಹಾಳೆ ಸಂಖ್ಯೆ ಆಮೇಲೆ ಹಾಕಿರ್ತಾರೆ. ಹಳೇ ಸಂಖ್ಯೆ ಬೇರೆ ಇರುತ್ತೆ."

"ದೊಡ್ಡಪ್ಪ, ಆ ವಾಕ್ಯ ಸಿಕ್ತು. ಗುಜರಿಯವನ ಪಟ್ಟಿಯಲ್ಲಿದೆ. ನಾನೂರು ವರ್ಷ ಈಚೆಗೆ." ಕಾರ್ಡನ್ನು ಅವರ ಮುಂದಿಟ್ಟಳು. "ಆ ಮೂಲೆ ನೋಡಿ."

ಅವರು ಕನ್ನಡಕ ಮೇಲೇರಿಸಿ, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು. ಅವರು ಬೈಯಲಿ, ಕಾರ್ಡು ಹರಿದುಹಾಕಲಿ, ಏನಾದರೂ ಮಾಡಲಿ ಎಂದು ಅವಳು ಕಾದಳು.

"ಆಗ ನಿನ್ನ ಅಕ್ಷರ ಚೆನ್ನಾಗಿತ್ತು," ಎಂದರು.

"ಬೈಯಿರಿ ದೊಡ್ಡಪ್ಪ."

"ಬೈದ್ರೆ ನಾನೂರು ವರ್ಷ ಹಿಂದಕ್ಕೆ ಹೋಗುತ್ತಾ?" ಭೂತಗನ್ನಡಿಯನ್ನು ರೇಡಿಯೋದ ಸ್ಕ್ರೂಗಳ ನಡುವೆ ಇಟ್ಟರು. "ನಿಂದು ಆಗ ಮಕ್ಕಳಾಟ ಆಡೋ ವಯಸ್ಸು. ನಾನು? ಈ ಕಾರ್ಡು ಸಿಕ್ಕಿದ ದಿನ ಎರಡನೇ ಸಲ ನೋಡ್ಲಿಲ್ಲ. ನನಗೆ ಬೇಕಾದ್ದೇ ಸಿಕ್ಕಿತ್ತಲ್ಲ, ಯಾಕೆ ನೋಡ್ಲಿ. ಅದೇ ಅವನ ಕೈಯಲ್ಲಿ ಇಂಥ ಕಾರ್ಡು ಇದ್ದಿದ್ರೆ ಮಸಾಲೆ ಅರೆದ ಹಾಗೆ ಅರೆದುಬಿಡ್ತಿದ್ದೆ."

ಅವನು ಎಂದರೆ ಯಾರೆಂದು ಅವಳು ಕೇಳಬೇಕಾಗಿರಲಿಲ್ಲ. ಕಚೇರಿಯಲ್ಲಿ ದೊಡ್ಡಪ್ಪನಿಗಿಂತ ಹತ್ತು ವರ್ಷ ಚಿಕ್ಕವರೊಬ್ಬರಿದ್ದರು. ಆ ಪದ ಕುದುರೆಯದಲ್ಲ, ಮನೆಯದೇ, ಕುಂಬಾರರು ಒಂದು ಬಗೆಯ ಗುಂಡು ಮಡಕೆಗೆ ಹೇಳುತ್ತಿದ್ದದ್ದನ್ನು ಸೈನಿಕರು ತಲೆಗೆ ಏರಿಸಿಕೊಂಡರು, ಸವಾರರು ಅವರಿಂದ ಕಲಿತರು ಎಂಬುದು ಅವರ ಪಟ್ಟು. ದೊಡ್ಡಪ್ಪ ಅವರಿಗೆ ಮಡಕೆ ಮೇಷ್ಟ್ರು ಎಂದು ಹೆಸರಿಟ್ಟರು, ಅದು ನಿಂತುಬಿಟ್ಟಿತು. ಇಪ್ಪತ್ತೆಂಟು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ದೊಡ್ಡಪ್ಪ ಆ ಕಾರ್ಡನ್ನು ಮೇಜಿನ ಮೇಲಿಟ್ಟು, "ಮಡಕೆ ಹೊತ್ಕೊಂಡು ಯುದ್ಧಕ್ಕೆ ಹೊರಟವರು ನಮ್ಮ ಮೇಷ್ಟ್ರು ಒಬ್ಬರೇ" ಎಂದಿದ್ದರು. ಸಭೆ ಗೊಳ್ಳೆಂದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳೂ ನಕ್ಕಿದ್ದಳು. ತಿಂಗಳು ತುಂಬುವುದರೊಳಗೆ ಮೇಷ್ಟ್ರು ಕೆಲಸ ಬಿಟ್ಟು, ಊರಿನ ಆ ತುದಿಯಲ್ಲಿ ಭಾವಮೈದುನನ ಬೈಂಡಿಂಗ್ ಅಂಗಡಿ ಸೇರಿದರು. ಆ ರಸ್ತೆಯಲ್ಲಿ ಹೋಗಬೇಕಾಗಿ ಬಂದಾಗಲೆಲ್ಲ ಅವಳು ಎದುರು ಬದಿಗೆ ದಾಟಿಕೊಳ್ಳುತ್ತಿದ್ದಳು.

"ಚಪ್ಪಲಿ ಕೊಡು," ಎಂದರು ದೊಡ್ಡಪ್ಪ.

"ಫೋನ್ ಮಾಡಿ ಹೇಳೋಣ. ನಿಮ್ಮ ಮಂಡಿ..."

"ನಲವತ್ತು ಜನರ ಮುಂದೆ ಆಡಿದ ಮಾತನ್ನ ಫೋನಲ್ಲಿ ವಾಪಸು ತಗೊಳೋಕಾಗುತ್ತೇನೇ? ಕೊಡು."

ಬಾಡಿಗೆ ಕಾರು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು. ದೊಡ್ಡಪ್ಪ ಕಿಟಕಿಯ ಗಾಜು ಇಳಿಸಿದರು, ಧೂಳೆಂದು ಏರಿಸಿದರು, ಸೆಖೆಯೆಂದು ಮತ್ತೆ ಇಳಿಸಿದರು. ತುಟಿ ಅಲ್ಲಾಡುತ್ತಿತ್ತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು. ಅವಳು ಕೈಗಡಿಯಾರ ನೋಡುತ್ತಿದ್ದಳು. ಒಂದು ಯೋಚನೆ ಅವಳ ತಲೆಯಲ್ಲಿ ಹುಳುವಿನಂತೆ ಕೊರೆಯಲು ಶುರುಮಾಡಿತ್ತು. ಮೇಷ್ಟ್ರ ಹತ್ತಿರ ಅವರದೇ ಕಾರ್ಡುಗಳಿದ್ದವು. ರಜೆ ರಜೆಗೆ ಕಾಲ್ನಡಿಗೆಯಲ್ಲಿ ಕುಂಬಾರರ ಮನೆಮನೆ ಸುತ್ತಿ, ಹಳೆಯ ಕಾಗದಪತ್ರ ನೋಡಿ ಮಾಡಿಕೊಂಡವು. ಮಡಕೆ ಎಂಬ ಅರ್ಥದಲ್ಲಿ ಆ ಪದ ಬಂದದ್ದು ಅವುಗಳಲ್ಲಿತ್ತು. ಅದೊಂದು ಸಿಕ್ಕರೆ ನಾಲ್ಕು ಸಾಲನ್ನು ತಿದ್ದಬಹುದು, ಮೇಷ್ಟ್ರ ಹೆಸರು ಹಾಕಬಹುದು. ಮಾಡಿದ್ದು ಪೂರ್ತಿ ಅಲ್ಲದಿದ್ದರೂ ಸ್ವಲ್ಪವಾದರೂ ಸರಿಹೋದೀತು.

ಅಂಗಡಿಯ ಒಳಗೆ ಅಂಟಿನ ವಾಸನೆ ದಟ್ಟವಾಗಿತ್ತು. ಎರಡು ಗೋಡೆಗೂ ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ದಪ್ಪ ದಪ್ಪ ರಿಜಿಸ್ಟರುಗಳು. ಮೇಷ್ಟ್ರು ಎತ್ತರದ ಸ್ಟೂಲಿನ ಮೇಲೆ ಕೂತು, ಒಂದು ಪುಸ್ತಕದ ಬೆನ್ನಿಗೆ ಬ್ರಷ್ಷಿನಿಂದ ಅಂಟು ಬಳಿಯುತ್ತಿದ್ದರು. ತಲೆ ಪೂರ್ತಿ ಬೋಳಾಗಿತ್ತು. ಬಾಗಿಲಲ್ಲಿ ನಿಂತವರನ್ನು ಒಂದು ಕ್ಷಣ ಗಿರಾಕಿಗಳನ್ನು ನೋಡುವಂತೆ ನೋಡಿ, ಆಮೇಲೆ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರಗಿಸಿಟ್ಟರು.

"ಸಾರ್," ಎಂದರು. "ಕೂತ್ಕೊಳ್ಳಿ. ಆ ಪುಸ್ತಕದ ಕಟ್ಟಿನ ಮೇಲೆ ಕೂರಬಹುದು, ಒಣಗಿದೆ."

ದೊಡ್ಡಪ್ಪ ಕೂರಲಿಲ್ಲ. "ನೀನು..." ಎಂದು ಶುರುಮಾಡಿ ನಿಲ್ಲಿಸಿದರು. "ನೀವು ಹೇಳಿದ್ದೇ ಸರಿ. ನಾನು ತಪ್ಪು. ಅದನ್ನ ಹೇಳೋಕೆ ಬಂದೆ." ಕಾರಿನಲ್ಲಿ ಕಲಿತದ್ದು ಇನ್ನೂ ಉದ್ದವಿತ್ತು, ಉಳಿದದ್ದು ಮರೆತುಹೋಗಿತ್ತು.

ಮಿಕ್ಕಿದ್ದನ್ನು ಅವಳು ಹೇಳಿದಳು. ಮಠದ ಫೋಟೋ, ಗುಜರಿಯವನ ಪಟ್ಟಿ, ಮುರಿದ ತುಂಡುಗಳು. "ನಕಲು ಮಾಡಿದ್ದು ನಾನು," ಎಂದಳು. ಮೇಷ್ಟ್ರು ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಬಟ್ಟೆಗೆ ಒರೆಸಿಕೊಳ್ಳುತ್ತಾ ಕೇಳಿದರು.

"ಆಗ ನಿಂಗೆ ಎಷ್ಟಮ್ಮ ವಯಸ್ಸು?"

"ಹತ್ತೊಂಬತ್ತು."

"ಸಭೆ ದಿನ ಹಿಂದುಗಡೆ ಕೂತಿದ್ದೆ ಅಲ್ವಾ. ನಗ್ತಿದ್ದೆ."

"ನಗ್ತಿದ್ದೆ," ಎಂದಳು.

ಅವರು ಮತ್ತೆ ಬ್ರಷ್ ಎತ್ತಿಕೊಂಡರು. "ಇರೋ ಹಾಗೇ ಅಚ್ಚಾಗ್ಲಿ ಬಿಡಿ ಸಾರ್. ನನ್ನದೇನು ತಕರಾರಿಲ್ಲ. ಮೊದಲ ಎರಡು ವರ್ಷ ನನಗೆ ನಿದ್ದೆ ಇರಲಿಲ್ಲ. ನಾನು ಸರಿ, ನಾನು ಸರಿ ಅಂತ ಗೋಡೆ ಜೊತೆ ಜಗಳ ಆಡ್ತಿದ್ದೆ, ನಮ್ಮ ಮನೆಯವಳು ಹೆದರಿ ತೌರಿಗೆ ಹೋಗಿಬಿಟ್ಟಿದ್ಲು. ಆಮೇಲೊಂದು ದಿನ ಕೂತು ನಾನೇ ತಪ್ಪು ಅಂತ ಒಪ್ಕೊಂಡೆ. ಒಪ್ಕೊಂಡ ಮೇಲೆ ಊಟ ರುಚಿಸ್ತು. ಅವಳೂ ವಾಪಸು ಬಂದ್ಲು." ಅಂಟು ಬಳಿಯುತ್ತಲೇ ಇದ್ದರು. "ಈಗ ನೀವು ಬಂದು ನಾನು ಸರಿಯಿದ್ದೆ ಅಂದ್ರೆ, ಕಳೆದ ಇಷ್ಟು ವರ್ಷನ ಯಾರ ಮನೆ ಬಾಗಿಲಿಗೆ ಹೋಗಿ ವಾಪಸು ಕೇಳ್ಲಿ?"

ದೊಡ್ಡಪ್ಪ ಆಗ ಕಟ್ಟಿನ ಮೇಲೆ ಕೂತರು. ಅವರು ಅಷ್ಟು ಸಣ್ಣಗಾದದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ನಿಮ್ಮ ಕಾರ್ಡುಗಳು ಇದ್ವಲ್ಲ ಮೇಷ್ಟ್ರೇ," ಎಂದಳು ಅವಳು. ಆ ಅಡ್ಡಹೆಸರು ಬಾಯಿಂದ ಬಿದ್ದೇಹೋಗಿತ್ತು. ಅವರಿಗೆ ಬೇರೆ ಹೆಸರಿತ್ತೆಂಬುದೂ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. "ಮಡಕೆ ಅನ್ನೋ ಅರ್ಥದ್ದು. ಅದೊಂದು ಕೊಡಿ. ಇನ್ನೂ ಮುಕ್ಕಾಲು ಗಂಟೆ ಇದೆ."

"ನಾಲ್ಕು ಸಾವಿರ ಇದ್ವು," ಎಂದರು ಮೇಷ್ಟ್ರು. "ಒಳ್ಳೇ ದಪ್ಪ ಕಾಗದ. ಬೆನ್ನಿಗೆ ಹಾಕ್ದೆ."

ಅವಳಿಗೆ ಅರ್ಥವಾಗಲಿಲ್ಲ. ಅವರು ಕೈಯಲ್ಲಿದ್ದ ಪುಸ್ತಕವನ್ನು ತಿರುಗಿಸಿ ತೋರಿಸಿದರು. ಹೊಲಿಗೆಗೂ ಹೊರಗಿನ ಬಟ್ಟೆಗೂ ನಡುವೆ, ಬೆನ್ನು ಬಾಗದಿರಲೆಂದು ಒಂದು ದಪ್ಪ ಕಾಗದದ ಪಟ್ಟಿ ಇಡುತ್ತಾರೆ. ಕಾರ್ಡನ್ನು ಉದ್ದಕ್ಕೆ ಮಡಿಸಿದರೆ ಅಳತೆ ಸರಿಹೋಗುತ್ತಿತ್ತು. "ಶಾಲೆಯ ಹಾಜರಿ ಪುಸ್ತಕ, ಆಸ್ಪತ್ರೆ ರಿಜಿಸ್ಟರು, ಲೈಬ್ರರಿ ಪುಸ್ತಕ. ಈ ಊರಿನ ಎಲ್ಲ ಕಪಾಟಲ್ಲೂ ನಿಂತಿವೆ. ಸುಮಾರು ಏಳು ವರ್ಷಕ್ಕೆ ಬಂದ್ವು."

"ನೆನಪಿಂದ ಹೇಳೋಕಾಗಲ್ವಾ? ಯಾವ ಮನೆ, ಯಾವ ಕಾಗದ ಅಂತ? ಹೋಗಿ ಮೂಲ ನೋಡ್ಕೊಂಡು ಬರ್ತೀನಿ."

"ಎಲ್ಲ ಕಾರ್ಡಿನ ಮೇಲೇ ಬರೆದಿದ್ನಲ್ಲಮ್ಮ. ತಲೇಲಿ ಇಟ್ಕೊಂಡವರು ಕಾರ್ಡು ಯಾಕೆ ಬರೀತಾರೆ?"

ಅವಳ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಅವಳು ಅದನ್ನು ತೆಗೆದು ಕಿವಿಗಿಟ್ಟಳು.

"ಮೇಡಂ, ನಾಲ್ಕೂವರೆ ಆಯ್ತು. ಇರಲೋ, ಬೇಡ್ವೋ?"

ಅವಳು ದೊಡ್ಡಪ್ಪನ ಮುಖ ನೋಡಿದಳು. ಹದಿನೈದು ವರ್ಷದಿಂದ ಅವರು ಕಾಯುತ್ತಿದ್ದದ್ದು ಈ ಪುಟಕ್ಕೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. "ನನ್ನ ಹೆಸರೂ ತೆಗೀಲಿ," ಎಂದರು. ದನಿ ಸ್ಪಷ್ಟವಾಗಿತ್ತು, ಆದರೆ ಕಣ್ಣು ನೆಲದ ಮೇಲಿತ್ತು.

"ನಾಲ್ಕೂ ಸಾಲು ತೆಗೀರಿ," ಎಂದಳು ಅವಳು ಫೋನಿಗೆ.

"ಬದಲಿಗೆ?"

"ಮೂಲ ತಿಳಿದಿಲ್ಲ."

"ಅಷ್ಟೇನಾ?"

"ಅಷ್ಟೇ."

"ಮೂರೂವರೆ ಸಾಲು ಖಾಲಿ ಬೀಳುತ್ತೆ. ಕೆಳಗಿನದನ್ನ ಮೇಲೆ ಎಳ್ಕೊಳ್ತೀನಿ ಬಿಡಿ." ಫೋರ್‌ಮನ್ನಿಗೆ ನೆಮ್ಮದಿಯಾಗಿತ್ತು. ಫೋನ್ ಇಟ್ಟ.

ಅವಳಿಗೂ ಒಂದು ಬಗೆಯ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಒಬ್ಬರಿಂದ ಕಿತ್ತುಕೊಂಡದ್ದನ್ನು ಇನ್ನೊಬ್ಬರಿಗೆ ಕೊಡಲೂ ಆಗಲಿಲ್ಲ, ನಡುವೆ ಬಿದ್ದುಹೋಯಿತು ಎನಿಸಿತು. ದೊಡ್ಡಪ್ಪನನ್ನು ಎಬ್ಬಿಸಿ ಕರೆದುಕೊಂಡು ಹೋಗೋಣವೆಂದು ಅವರ ತೋಳಿಗೆ ಕೈ ಹಾಕಿದಳು.

"ಏನು ಹಾಕಿಸಿದೆ?" ಎಂದರು ಹಿಂದಿನಿಂದ ಮೇಷ್ಟ್ರು.

"ಮೂಲ ತಿಳಿದಿಲ್ಲ ಅಂತ."

"ತಿಳಿದಿಲ್ಲ ಅಂತ ಹೇಗೆ ಹಾಕಿಸ್ತೀಯಮ್ಮ?" ಅವರ ದನಿ ಬಂದಾಗಿನಿಂದ ಮೊದಲ ಸಲ ಏರಿತು. ಸ್ಟೂಲಿನಿಂದ ಇಳಿದಿದ್ದರು. "ತಪ್ಪು ಅಂತ ಹಾಕು, ತಡ್ಕೋತೀನಿ. ಅವರದ್ದೇ ಸರಿ ಅಂತ ಹಾಕು, ಅದೂ ಅಭ್ಯಾಸ ಆಗಿದೆ. ತಿಳಿದಿಲ್ಲ ಅಂದ್ರೆ ಏನರ್ಥ? ತಿಳಿದಿತ್ತಲ್ಲ. ನನಗೆ ತಿಳಿದಿತ್ತು."

ಮೇಷ್ಟ್ರ ಕೈಯ ಬ್ರಷ್ಷಿನಿಂದ ಅಂಟು ಹನಿಯುತ್ತಿತ್ತು. ಅದನ್ನು ಡಬ್ಬಿಗೆ ಹಾಕಿ ಅವರು ಕಪಾಟಿನ ಕೆಳಗಿನ ಸಾಲಿನಿಂದ ಅಂಗಡಿಯದೇ ಹಳೆಯ ಆರ್ಡರ್ ಪುಸ್ತಕವೊಂದನ್ನು ಎಳೆದು, ಮೇಜಿನ ಮೇಲೆ ಮಗುಚಿ ಮಲಗಿಸಿ, ಕತ್ತಿಯನ್ನು ತೆಗೆದುಕೊಂಡು ಅದರ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದರು. ಬಟ್ಟೆ ಎರಡಾಗಿ ಬಿಚ್ಚಿಕೊಂಡಿತು. ಒಳಗಿನ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ಒದ್ದೆ ಬಟ್ಟೆಯಿಂದ ಒತ್ತಿ, ನಿಧಾನವಾಗಿ ಮಡಿಕೆ ಬಿಡಿಸಿದರು. ಅಂಟಿಗೆ ಕಂದಾಗಿದ್ದ ಕಾರ್ಡಿನ ಮೇಲೆ ನೀಲಿ ಶಾಯಿಯ ಅಕ್ಷರಗಳು ಇನ್ನೂ ಇದ್ದವು. ದೊಡ್ಡಪ್ಪ ಎದ್ದು, ಮಂಡಿ ಹಿಡಿದುಕೊಂಡು, ಮೇಜಿನ ಹತ್ತಿರ ಬಂದು ಬಗ್ಗಿದರು. ಎರಡು ಬೋಳು ತಲೆಗಳು ಕಿಟಕಿಯ ಬೆಳಕಿಗೆ ಅಡ್ಡವಾದವು.

"ಸೌಟು," ಎಂದು ಓದಿದರು ದೊಡ್ಡಪ್ಪ.

"ಇದಲ್ಲ," ಎಂದರು ಮೇಷ್ಟ್ರು.

ಅವರು ಮುಂದಿನ ಪುಸ್ತಕಕ್ಕೆ ಕೈ ಹಾಕಿದರು. ಅದು ಯಾವುದೋ ಶಾಲೆಯದು, ಹಿಂದೆ ಇಲ್ಲೇ ಕಟ್ಟಿದ್ದು, ಈಗ ರಟ್ಟು ಬದಲಿಸಲು ಬಂದದ್ದು, ನಾಳೆ ಬೆಳಿಗ್ಗೆ ಕೊಡಬೇಕೆಂದು ಮೇಲೆ ಚೀಟಿ ಅಂಟಿಸಿತ್ತು. ಮೇಷ್ಟ್ರು ಚೀಟಿಯನ್ನು ಓದಿ, ಕತ್ತಿಯ ಮೊನೆಯನ್ನು ಅದರ ಬೆನ್ನಿಗೆ ಇಟ್ಟರು.